ಕೂರುವುದಕ್ಕೊಂದು ಕುರ್ಚಿ

ನಯಾಪೈಸೆ ಬಂದ ಮರುವರ್ಷ ಬಯ್ಯಪ್ಪನವರು ರೈಲ್ವೆಯಿಂದ ನಿವೃತ್ತರಾಗಿ ಶಿಡ್ಲಘಟ್ಟದ ಪಕ್ಕದ ತಮ್ಮ ಹಳ್ಳಿಗೆ ಮರಳಿದಾಗ, ಮನೆಯಲ್ಲಿ ಕೂರುವುದಕ್ಕೆ ಜಾಗವಿರಲಿಲ್ಲ. ಇದು ಮಾತಿಗೆ ಹೇಳಿದ್ದಲ್ಲ. ನಡುಮನೆಯಲ್ಲಿ ರೇಷ್ಮೆಹುಳದ ತಟ್ಟೆಗಳು ಸೂರಿನವರೆಗೆ ಏರಿದ್ದವು. ಜಗಲಿಯ ಮೇಲೆ ಒದ್ದೆ ಗೋಣಿ ಹೊದ್ದ ಸೊಪ್ಪು. ಮಂಚದ ಮೇಲೆ ಹುಳ, ಮಂಚದ ಕೆಳಗೆ ಹುಳ. ನೆಲದಲ್ಲಿ ಉಳಿದದ್ದು ಹೆಂಡತಿ ವೆಂಕಟರತ್ನಮ್ಮ ಓಡಾಡುವಷ್ಟು ದಾರಿ, ಅಷ್ಟೇ.

ಚಿಂತಾಮಣಿ ಸ್ಟೇಷನ್ನಿನಲ್ಲಿ ಟಿಕೆಟು ಕೊಡುತ್ತ ಆಯುಷ್ಯವೆಲ್ಲ ಕೂತೇ ಕಳೆದ ಮನುಷ್ಯ. ಈಗ ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದರು.

"ಪೇಟೆಯಿಂದ ಒಂದು ಕುರ್ಚಿ ತರ್ಲೇನೇ?" ಎಂದು ಕೇಳಿದರು.

"ವಾರ್ನೀಸು ವಾಸ್ನೆಗೆ ಹುಳ ಸೊಪ್ಪು ಮುಟ್ಟಲ್ಲ. ಬೇಕಿದ್ರೆ ನೀವೇ ಮಾಡ್ಕೊಳ್ಳಿ. ಎತ್ತು ಕಟ್ತಿದ್ದ ಮೂಲೆ ಖಾಲಿ ಇದೆ. ಬೇವಿನ ಮರ ತರ್ಬೇಡಿ. ಸದ್ದು ಮಾಡ್ಬೇಡಿ."

"ಸದ್ದಿಲ್ದೆ ಮರಗೆಲ್ಸ ಹೆಂಗೇ?"

"ಅದು ನಂಗೇನು ಗೊತ್ತು? ನಂಗೆ ಹುಳ ಗೊತ್ತು."

ಬಯ್ಯಪ್ಪನವರಿಗೆ ಮೌನ ಕಷ್ಟವಾಗಿರಲಿಲ್ಲ. ಟಿಕೆಟು ಕೇಳುವವರಿಗೂ ಅವರು ಊರಿನ ಹೆಸರಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕಷ್ಟವಾದದ್ದು ಅವ್ಯವಸ್ಥೆ. ಹಾಗಾಗಿ ಕುರ್ಚಿಗೆ ಮೊದಲು ಉಪಕರಣಗಳಿಗೊಂದು ನೆಲೆ ಬೇಕೆಂದು ಹಲಗೆಯೊಂದಕ್ಕೆ ಗೂಡುಗಳನ್ನು ಕೂಡಿಸಿ, ಟಿಕೆಟಿನ ಪೆಟ್ಟಿಗೆಯಂತೆಯೇ ಪ್ರತಿ ಗೂಡಿಗೂ ಸ್ಟೇಷನ್ನಿನ ಹೆಸರು ಬರೆದರು. ಉಳಿ ನಂದಿಯಲ್ಲಿ, ಗರಗಸ ಚಿಕ್ಕಬಳ್ಳಾಪುರದಲ್ಲಿ, ಮರ ನುಣುಪು ಮಾಡುವ ತೋಪಡ ಶಿಡ್ಲಘಟ್ಟದಲ್ಲಿ, ಕೊಡತಿ ಚಿಂತಾಮಣಿಯಲ್ಲಿ. ಕೊಡತಿಗೆ ಹಳೆಯ ಪಂಚೆ ಸುತ್ತಿ ಸದ್ದು ಅಡಗಿಸಿದರು. ಹುಳಗಳು ಹೊಸ ಸೊಪ್ಪಿಗೆ ಬಾಯಿಟ್ಟಾಗ ಮನೆಯೆಲ್ಲ ಸೋನೆಮಳೆ ಹಿಡಿದಂತೆ ಸದ್ದಾಗುತ್ತದಲ್ಲ, ಆ ಸದ್ದಿನ ಮರೆಯಲ್ಲಿ ಗರಗಸ ಎಳೆದರು. ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ, ಗರಗಸ ಮರದಲ್ಲಿ ಅರ್ಧ ಇಳಿದಿದ್ದರೂ ಹಾಗೇ ಬಿಟ್ಟು ನಿಂತರು. ಹುಳ ಎದ್ದ ಮೇಲೆಯೇ ಇನ್ನರ್ಧ.

ಮೊದಲು ಸಿದ್ಧವಾದದ್ದು ಕೆಲಸದ ಮೇಜು. ವೆಂಕಟರತ್ನಮ್ಮ ಬಂದು ಅದನ್ನು ಸವರಿ ನೋಡಿದರು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಮರಿಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ಎರಡನೆಯ ಮೇಜು ಮಾಡಿದರು. ಅದರ ಮೇಲೆ ತಟ್ಟೆಗಳು ಬಂದು ಕೂತವು. ಇರುವೆ ಹತ್ತದ ಹಾಗೆ ನಾಲ್ಕೂ ಕಾಲಿಗೆ ನೀರಿನ ಬಟ್ಟಲೂ ಬಂದವು.

ಎದುರುಮನೆಯ ಆವಲಪ್ಪ ದಿನಾ ಬರುತ್ತಿದ್ದ. ಹುಳ ಸಾಕುವಾಗ ಹೊರಗಿನವರು ಒಳಗೆ ಬರುವ ಹಾಗಿಲ್ಲವಾದ್ದರಿಂದ ಹೊಸ್ತಿಲಾಚೆಯೇ ನಿಂತು ಪಿಸುಗುಟ್ಟುತ್ತಿದ್ದ.

"ಬಯ್ಯಣ್ಣಾ, ಕೂತ್ಯೇನಪ್ಪಾ?"

"ಇನ್ನೂ ಇಲ್ಲ."

"ನಮ್ಮನೆ ಜಗ್ಲಿ ಮೇಲೆ ಕೂತ್ಕೋ ಬಾರಪ್ಪಾ."

"ನನ್ ಮನೇಲಿ ಕೂರ್ಬೇಕು ಕಣೋ ಆವಲಪ್ಪ. ಸಾಯೋದ್ರೊಳ್ಗೆ ಒಂದ್ಸಲ."

"ಮೊದಲು ಆ ಕೊಡತಿಗೆ ಕಟ್ಟಿರೋ ಪಂಚೆ ಬಿಚ್ಚಿ ಉಟ್ಕೊಳ್ಳೋ. ನೀನುಟ್ಟಿರೋದು ಹರ್ದಿದೆ."

ಹುಳಗಳು ಹಣ್ಣಾದ ದಿನವೇ ಕುರ್ಚಿಯೂ ಮುಗಿಯಿತು. ಹಲಸಿನ ಮರದ್ದು, ಎರಡು ಕೈಗಳಿದ್ದವು. ಒಂದು ಕಾಲು ತುಸು ಗಿಡ್ಡ. ಅದೇ ದಿನ ವೆಂಕಟರತ್ನಮ್ಮನ ಎದೆಯೊಡೆದಿತ್ತು. ಹಣ್ಣಾದ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳು ಬೇಕು. ಬಾಡಿಗೆಗೆ ಹೇಳಿದ್ದ ಚಂದ್ರಿಕೆಗಳ ಗಾಡಿ ಅಚ್ಚು ಮುರಿದು ದಾರಿಯಲ್ಲೇ ನಿಂತಿತ್ತು. ಮನೆಯಲ್ಲಿದ್ದವು ತುಂಬಿಹೋದವು. ಹುಳಗಳು ತಲೆಯೆತ್ತಿ ಆಡಿಸುತ್ತ, ನೂಲು ಬಿಡುತ್ತ ಜಾಗ ಹುಡುಕುತ್ತಿದ್ದವು.

ಆಕೆ ಪೊರಕೆಯ ಮೇಲೆ ಬಿಟ್ಟರು. ಒನಕೆಯ ಪಕ್ಕದ ಮೊರದಲ್ಲಿ ಬಿಟ್ಟರು. ಬುಟ್ಟಿ ಹಿಡಿದು ಎತ್ತಿನ ಮೂಲೆಗೆ ಬಂದು ನಂದಿಯಿಂದ ಚಿಂತಾಮಣಿಯವರೆಗೆ ಒಂದು ಸ್ಟೇಷನ್ನೂ ತಪ್ಪದಂತೆ ಹುಳ ಇಳಿಸಿದರು. ಗರಗಸದ ಹಲ್ಲುಗಳ ಸಂದಿನಲ್ಲಿ ನೂಲು ಮೂಡಿತು. ಬುಟ್ಟಿಯಲ್ಲಿ ಇನ್ನೂ ಹುಳವಿತ್ತು.

ಬಯ್ಯಪ್ಪನವರು ಆಗಷ್ಟೇ ಕುರ್ಚಿಯಲ್ಲಿ ಕೂತಿದ್ದರು. ಚಳಿಗೆ ಕಂಬಳಿ ಹೊದ್ದು, ಕುರ್ಚಿಯ ಕೈಗಳ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದ್ದರು. ಕಂಬಳಿ ಮಡಿಕೆ ಮಡಿಕೆಯಾಗಿ ಮೊಣಕಾಲ ಮೇಲೆ ಇಳಿದಿತ್ತು. ಕಣ್ಣು ಬಿಟ್ಟಾಗ ಹೆಂಡತಿ ಆ ಮಡಿಕೆಗಳನ್ನೇ ನೋಡುತ್ತ ನಿಂತಿದ್ದರು. ಮದುವೆಯಾದ ಮೇಲೆ ಅವರನ್ನು ಅಷ್ಟು ಹೊತ್ತು ಆಕೆ ನೋಡಿದ್ದಿಲ್ಲ.

"ಲೇ, ಬೇಡ."

"ಅಲ್ಲಾಡ್ಬೇಡಿ ಅಂದ್ರೆ!"

ಒಂದೊಂದೇ ಹುಳವನ್ನು ಎತ್ತಿ ಮಡಿಕೆಗಳಲ್ಲಿಟ್ಟರು. ಭುಜದ ಮೇಲೆ, ಮೊಣಕೈ ಸಂದಿನಲ್ಲಿ, ಕುತ್ತಿಗೆಯ ಹಿಂದೆ. ಹುಳಗಳು ಒಂದಿಷ್ಟು ತಡವರಿಸಿ ತಲೆಯಾಡಿಸತೊಡಗಿದವು.

"ಎಷ್ಟೊತ್ತು ಹಿಂಗೆ?"

"ಗೂಡು ಗಟ್ಟಿಯಾಗೋವರ್ಗೂ. ಮೂರು ದಿನವೋ ಏನೋ. ಅಲ್ಲಾಡಿದ್ರೆ ಗೂಡು ಕೆಡ್ತದೆ. ಕೂರ್ಬೇಕು ಕೂರ್ಬೇಕು ಅಂತಿದ್ರಲ್ಲ, ಕೂತ್ಕೊಳ್ಳಿ."

ಬಯ್ಯಪ್ಪನವರು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಕೆನ್ನೆ ಹತ್ತಿದ್ದ ಹುಳವೊಂದು ಮೀಸೆಯೊಳಗೆ ನುಸುಳಿತು.

"ಅಯ್ಯೋ, ಅಲ್ಲಿ ಕಟ್ತಿದೆ," ಎಂದರು ವೆಂಕಟರತ್ನಮ್ಮ, ತೊಟ್ಟಿಲ ಮಗುವಿನ ವಿಷಯ ಹೇಳುವಷ್ಟು ಮೆಲ್ಲಗೆ. "ಮಾತಾಡ್ಬೇಡಿ."

ಆಮೇಲೆ ನೀರಿನ ಬಟ್ಟಲುಗಳನ್ನು ತಂದು ಕುರ್ಚಿಯ ಕಾಲುಗಳಿಗೆ ಕೊಟ್ಟರು. ಗಿಡ್ಡ ಕಾಲಿನ ಬಟ್ಟಲ ಕೆಳಗೆ ಚೂರು ಹಲಗೆ ಸಿಕ್ಕಿಸಿದರು. ಕುರ್ಚಿ ಮೊದಲ ಸಲ ನೆಟ್ಟಗೆ ನಿಂತಿತು. ಗಂಜಿ ಮಾಡಿ, ಮೀಸೆ ತಪ್ಪಿಸಿ, ತುಟಿಯಂಚಿನಿಂದ ಹನಿಹನಿಯಾಗಿ ಬಿಟ್ಟರು. ನಡುನಡುವೆ ಸೆರಗಿನಿಂದ ಅವರ ಗಲ್ಲ ಒರೆಸಿದರು.

ಸಂಜೆ ಆವಲಪ್ಪ ಹೊಸ್ತಿಲಾಚೆ ನಿಂತ. ಒಳಗೆ ಕತ್ತಲು ಕವಿಯುತ್ತಿತ್ತು. ಕುರ್ಚಿಯಲ್ಲಿ ಕೂತ ಆಕಾರ ಅಲ್ಲಲ್ಲಿ ಹೊಂಬಣ್ಣವಾಗಿ ಮಿನುಗುತ್ತಿತ್ತು.

"ಕೂತ್ಯಾ ಬಯ್ಯಣ್ಣಾ! ಹೆಂಗೈತೆ?"

ಆವಲಪ್ಪ ಕತ್ತು ಚಾಚಿ ಒಳಗೆ ಇಣುಕಿದ.

"ಏನಮ್ಮಾ, ಮಾತೇ ಆಡಲ್ವಲ್ಲ ನಿಮ್ಮೋರು?"

"ಸುಮ್ನಿರಪ್ಪ," ಎಂದು ವೆಂಕಟರತ್ನಮ್ಮ ಪಿಸುಗುಟ್ಟಿದರು. "ಈಗ ತಾನೆ ಕೂತವ್ರೆ."

ಸೊಪ್ಪು ಮೆಲ್ಲುವ ಸದ್ದು ನಿಂತು ಮನೆ ನಿಶ್ಶಬ್ದವಾಗಿತ್ತು. ಕಿವಿಯ ಹತ್ತಿರವೇ ಎಲ್ಲೋ, ಕೂದಲೆಳೆಗಿಂತ ಸಣ್ಣಗೆ, ನೂಲು ಸುತ್ತುವುದು ಬಯ್ಯಪ್ಪನವರಿಗೆ ಕೇಳಿಸಿತು. ಅವರಿಗೆ ಎದ್ದು ಒಂದೇ ಒಂದು ಗಳಿಗೆ ನಿಂತುಕೊಳ್ಳಬೇಕೆನ್ನಿಸಿತು. ಕಾಲು ಜೋಮು ಹಿಡಿದಿತ್ತು. ಆದರೆ ಮೀಸೆಯಲ್ಲಿದ್ದದ್ದು ಆಗಲೇ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿತ್ತು. ಅವರು ಉಸಿರನ್ನು ಸಣ್ಣದು ಮಾಡಿಕೊಂಡು ಕೂತೇ ಇದ್ದರು.