ಎಲ್ಲರಿಗೂ ಕೆಂಪು ನಿಲುವಂಗಿ

ಹಾಲು ಕರೆಯುವ ಮಿಷನ್ನಿನ ಕೊಳವೆ ಬಿಳಿ ಹಸುವಿನ ಎಡ ಮೊಲೆಗೆ ಸರಿಯಾಗಿ ಕೂತಿಲ್ಲ, ಗಾಳಿ ಎಳೆದುಕೊಂಡು ಸುಂಯ್ ಅನ್ನುತ್ತಿದೆ, ಕೂರಿಸಬೇಕು, ಕೂರಿಸುತ್ತೇನೆ, ಇವತ್ತು ಕೈಯೂ ನನ್ನ ಮಾತು ಕೇಳುತ್ತಿಲ್ಲ, ಎಲ್ಲಾ ಆ ಟ್ಯಾಂಕರಿನವನಿಂದ, ಬೆಳಿಗ್ಗೆ ಹಾಲಿಗೆ ಬಂದವನು ತುಂಬಿಸಿಕೊಂಡು ಹೋಗಬೇಕೋ ಬೇಡವೋ, ಮೊಬೈಲು ತಂದು ಮೂಗಿಗೆ ಹಿಡಿದ, ನೋಡಿ ಯಜಮಾನ್ರೇ, ಆಟದಲ್ಲಿ ನಂಗೂ ಬಂತು ನಿಮ್ಮ ಕೆಂಪು ನಿಲುವಂಗಿ, ಈಗ ಆಟದ ಅಂಗಡೀಲೇ ಇಟ್ಟಿದಾರೆ, ಯಾರು ಬೇಕಾದ್ರೂ ತಗೋಬಹುದು. ಯಾರು ಬೇಕಾದರೂ. ಹಲ್ಲು ಬೇರೆ ಕಿರಿದ. ಇನ್ನೆಂದೂ ಸಿಗುವುದಿಲ್ಲ ಎಂದು ಬರೆದಿದ್ದರು ಆಟದವರು, ದಪ್ಪ ಅಕ್ಷರದಲ್ಲಿ, ಉಗುಳಿದ್ದನ್ನೇ ನೆಕ್ಕುವ ಜನ — ಹಸು ಕಾಲು ಝಾಡಿಸಿತು, ನಿಲ್ಲೇ ತಾಯಿ, ನಿನ್ನ ಮೇಲಲ್ಲ ಸಿಟ್ಟು.

ಕಾಲುಬಾಯಿ ರೋಗ ಬಂದ ವರ್ಷ ಗೇಟಿಗೆ ಹಗ್ಗ ಕಟ್ಟಿದ್ದರು, ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ, ನಾನೂ ಅಣ್ಣನೂ ಮೇವಿನ ಕೋಣೆಯಲ್ಲೇ ವಾಸ, ಹಸುಗಳ ಬಾಯಿಹುಣ್ಣು ತೊಳೆದು ತೊಳೆದು ಬೆರಳೆಲ್ಲ ಔಷಧಿ ವಾಸನೆ, ಅದೇ ಬೆರಳಲ್ಲಿ ಆಟ, ಜೋಡಿಯಾಗಿ, ಒಮ್ಮೆಯೂ ಬೀಳದೆ ತೂಗುಸೇತುವೆ ದಾಟಿದವರಿಗೆ ಮಾತ್ರ ಕೆಂಪು ನಿಲುವಂಗಿ, ಒಬ್ಬ ಬಿದ್ದರೆ ಇಬ್ಬರೂ ಮೊದಲಿಂದ, ನಾನು ಹಿಂದುಳಿಯುತ್ತಿದ್ದೆ, ಅವನು ನಡುಸೇತುವೆಯಲ್ಲಿ ನಿಂತು ತಿರುಗಿ ನೋಡುತ್ತಿದ್ದ, ಬಾರೋ ಎಮ್ಮೆ, ನಿಧಾನ ಬಾ, ಅವಸರ ಇಲ್ಲ. ಕೊನೆಗೂ ದಾಟಿದೆವು, ಇಬ್ಬರಿಗೂ ಸಿಕ್ಕಿತು. ಆಟದಲ್ಲಿ ಅವಸರವಿಲ್ಲ, ಕಂದು ಹಸು ಈಯುವಾಗ ಮಾತ್ರ ಬಾಲಕ್ಕೆ ಬೆಂಕಿ ಬಿದ್ದವನ ಹಾಗೆ, ಎಳೀಬೇಡ, ಕರುವಿನ ಕತ್ತು ಮಡಚಿದೆ, ಅಂದೆ, ಎಳೆದ, ತಾಯಿಯೂ ಹೋಯಿತು ಕರುವೂ ಹೋಯಿತು, ಆಮೇಲೆ ದನದ ಡಾಕ್ಟರ ಎದುರಿಗೆ, ಇವನೇ ತಡ ಮಾಡಿದ್ದು ಸಾರ್. ನಾನಂತೆ. ಅವತ್ತಿನಿಂದ ಮಾತಿಲ್ಲ, ತನ್ನ ಪಾಲಿನ ಹಸು ಹೊಡೆದುಕೊಂಡು ಹೆಂಡತಿಯ ಊರಿಗೆ ಹೋದ, ಆಟದಲ್ಲೂ ಹೆಸರು ಬದಲಿಸಿಕೊಂಡ, ನಾನೂ ಬದಲಿಸಿದೆ, ರೋಷ ಅವನೊಬ್ಬನ ಸ್ವತ್ತಾ.

ಆದರೂ ದಿನಾ ಸಂಜೆ, ಹಾಲು ಕರೆದಾದ ಮೇಲೆ, ಸೇತುವೆಯ ಮೇಲೆ ಕೆಂಪು ಕಾಣುತ್ತಿತ್ತು, ನಾವಾಡುವ ಕಡೆ ಆ ಬಟ್ಟೆ ಇದ್ದದ್ದು ನಮ್ಮಿಬ್ಬರಿಗೇ, ಬಂದ, ಅವನ ಕೊಟ್ಟಿಗೆಯ ಕೆಲಸವೂ ಮುಗಿಯಿತು, ಜ್ವರಗಿರ ಇಲ್ಲ, ಗುಂಡುಕಲ್ಲಿನ ಹಾಗಿದ್ದಾನೆ ಪಾಪಿ, ಅಷ್ಟು ಸಾಕಿತ್ತು, ಫೋನಾದ್ರೂ ಮಾಡಿ ನಿಮ್ಮಣ್ಣಂಗೆ, ಅನ್ನುತ್ತಾಳೆ ಹೆಂಡತಿ, ಯಾಕೆ, ನನಗೇನು ಬಾಯಿ ತುರಿಸುತ್ತಿದೆಯಾ, ಎಳೆದದ್ದು ನಾನೇ ಅಂತ ಅವನು ಮೊದಲು ಒಪ್ಪಲಿ.

ಕೊಳವೆ ಕಳಚಿದೆ, ಕ್ಯಾನು ಮುಚ್ಚಿದೆ, ಹುಲ್ಲಿನ ಕಟ್ಟಿನ ಮೇಲೆ ಕೂತು ಆಟ ತೆರೆದೆ, ಸೇತುವೆ ತುಂಬ ಕೆಂಪು, ಬೆಲ್ಲಕ್ಕೆ ಮುತ್ತಿದ ಕೆಂಜಿರುವೆಯ ಹಾಗೆ, ಸೇತುವೆಯ ಮೇಲೆ ಹೆಸರು ಕಾಣುವುದಿಲ್ಲ, ಬಟ್ಟೆ ಮಾತ್ರ, ಯಾರು ಅಣ್ಣ, ಯಾರು ಟ್ಯಾಂಕರಿನವನು, ಯಾರು ನಿನ್ನೆ ಮೊಟ್ಟೆಯೊಡೆದು ಬಂದವನು, ಒಬ್ಬನ ಮುಂದೆ ಹೋಗಿ ನಿಂತೆ, ದಾರಿ ಬಿಡೋ ಗೂಬೆ ಎಂದು ಬರೆದ, ಇನ್ನೊಬ್ಬ ಸೊಂಟ ಕುಣಿಸಿದ, ಬಟ್ಟೆ ಹಾಕಿಕೊಂಡರೆ ಸೇತುವೆ ದಾಟಿದ ಹಾಗಾಯಿತಾ, ಹುಲಿ ಚರ್ಮ ಹೊದ್ದ ಕತ್ತೆಗಳು, ತಳ್ಳುವುದಕ್ಕೆ ಒಂದು ಗುಂಡಿ ಇದೆಯಲ್ಲ ಇದರಲ್ಲಿ, ತಳ್ಳಿದೆ, ಹೋದ, ಎದೆ ತಣ್ಣಗಾಯಿತು, ಇನ್ನೊಬ್ಬ, ಹೋದ, ಬೈಗುಳ ಬರೆಯುತ್ತಾರೆ, ಬರೆಯಲಿ, ಅಂಗಡಿಯ ಬಟ್ಟೆ ಹೊಳೆಯಲ್ಲಿ ನೆನೆಯಲಿ, ಮುಂದಿನವನು, ಅದರ ಮುಂದಿನವನು, ನಡುಸೇತುವೆಯಲ್ಲಿ ಒಬ್ಬ ಸುಮ್ಮನೆ ನಿಂತಿದ್ದ, ತಿರುಗುತ್ತಿದ್ದ, ಹೆಬ್ಬೆರಳು ಆಗಲೇ ಒತ್ತಿತ್ತು, ಅವನು ತಿರುಗಿ ನೋಡಿದ, ಕೈ ಎತ್ತಲಿಲ್ಲ, ನಿಲುವಂಗಿ ಗಾಳಿಗೆ ಬಿಚ್ಚಿಕೊಂಡಿತು, ಕೆಳಗೆ.

ಬಿದ್ದವರು ಸೇತುವೆಯ ಬುಡದಲ್ಲಿ ಮತ್ತೆ ಏಳುತ್ತಾರೆ, ಒಬ್ಬೊಬ್ಬರೇ ಎದ್ದರು, ಬೈಯುತ್ತಾ ಎದ್ದರು, ಒಬ್ಬ ಏಳಲಿಲ್ಲ, ಯಾರೋ ಇರಬೇಕು, ಫೋನು ಕೆಳಗಿಟ್ಟು ಊಟಕ್ಕೆ ಹೋದವನು ಯಾರೋ, ಬುಡದಲ್ಲಿ ಎಲ್ಲಾ ಕೆಂಪು, ಬೈಯುವ ಕೆಂಪು, ಕುಣಿಯುವ ಕೆಂಪು, ನೀನೂ ಬೈಯೋ, ಎಮ್ಮೆ ಅನ್ನು, ಬಿಳಿ ಹಸು ಅಂಬಾ ಅನ್ನುತ್ತಿದೆ, ಮೇವು ಹಾಕಬೇಕು, ಹಾಕುತ್ತೇನೆ, ನಡುಸೇತುವೆ ಖಾಲಿ, ತಿರುಗಿ ನೋಡಿದ, ಕೈ ಎತ್ತಲಿಲ್ಲ, ಕೆಂಪು ಬಟ್ಟೆ ಬಿಚ್ಚಿಕೊಂಡು ಕೆಳಗೆ, ತಿರುಗಿ ನೋಡಿದ —