ಬಣ್ಣ ನಿಲ್ಲದ ಕೈ

ಒಂದಾನೊಂದು ಊರಿಗೆ ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. ಕೊಳ್ಳಿ ಇಟ್ಟವರನ್ನು ದೊರೆ ತಪ್ಪದೆ ಗಲ್ಲಿಗೇರಿಸುತ್ತಿದ್ದ. ಹತ್ತು ಮಂದಿ ಸತ್ತರೆ ಮರುವರ್ಷ ಇಪ್ಪತ್ತು ಮಂದಿ ಹುಟ್ಟಿಕೊಳ್ಳುತ್ತಿದ್ದರು. ಆದರೂ ಹಗ್ಗದ ಮೇಲಿನ ಅವನ ನಂಬಿಕೆ ಕದಲಲಿಲ್ಲ; ದೊರೆಗಳ ನಂಬಿಕೆಯೇ ಹಾಗೆ.

ಬಣ್ಣಗಾರ್ತಿ ಸಂಕವ್ವನ ಹಿರಿಮಗನೂ ಹಾಗೆ ನೇಣು ಕಂಡವನು. ಸಾಯುವ ಮುನ್ನ ತಾಯಿಗೆ ಹೇಳಿದ್ದ: "ನಮಗ ಕೊಳ್ಳಿ ಇಡೂದು ಕಲಿಸಿದಾವ ಒಬ್ಬ ಅದಾನವ್ವ. ಮುಸುಕು ಹಾಕ್ಕೊಂಡು ಬರ್ತಿದ್ದ, ಯಾರಂತ ತಿಳೀಲಿಲ್ಲ. ಕೈಗೆ ಒಂಚೂರು ಮಸಿ ತಾಗಿದ್ರೂ ಆಗಿಂದಾಗ ತೊಳಕೋತಿದ್ದ."

ಕಿರಿಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ಸಂಕವ್ವ ಅರಮನೆಗೆ ಹೋದಳು.

"ಊರವರೆಲ್ಲ ನನ್ನ ನೀಲಿ ಹಂಡೇದಾಗ ಕೈ ಅದ್ದಲಿ, ದೊರೆ. ನಾಕನೇ ದಿನ ಈ ಬೆಂಕಿ ಬೇರು ಎಲ್ಲೈತಿ ಅಂತ ತೋರಸ್ತೀನಿ."

"ಹೇಗೆ?"

"ನಾಕನೇ ದಿನ ಹಂಡೆ ಇಳಿಸೋತನಕ ಬಣ್ಣದ ಗುಟ್ಟು ಹೇಳಬಾರದ್ರಿ. ಹೇಳಿದ್ರ ಬಣ್ಣ ಕೆಡತೈತಿ."

ಅದು ಅವಳ ಮನೆತನದ ಕಟ್ಟಳೆ. ಗುಟ್ಟೇನೂ ದೊಡ್ಡದಲ್ಲ. ಆ ನೀಲಿ ಯಾರ ಕೈಯಿಂದಲೂ ಹದಿನೈದು ದಿನ ಬಿಡುವುದಿಲ್ಲ. ಗುರುತು ಅಳಿಸಿಕೊಳ್ಳುವುದೇ ಕಸುಬಾದವನು ಮಾತ್ರ ಹೇಗಾದರೂ ಮಾಡಿ ತೊಳೆದುಕೊಂಡಿರುತ್ತಾನೆ.

ಊರವರೆಲ್ಲ ಹಂಡೆಯಲ್ಲಿ ಕೈ ಅದ್ದಿದರು. ಆದರೆ ದೊರೆಗೆ ತಾಳ್ಮೆ ಸಾಲಲಿಲ್ಲ. ಮೂರನೇ ದಿನವೇ ಬಯಲಿನಲ್ಲಿ ಎಲ್ಲರ ಕೈ ಎತ್ತಿಸಿದ. ನೂರಾರು ನೀಲಿ ಕೈಗಳ ನಡುವೆ ಒಂದೇ ಒಂದು ತೊಳೆದ ಅಕ್ಕಿಯಂತೆ ಬೆಳ್ಳಗಿತ್ತು. ಅದು ಚಾವಡಿಯಲ್ಲಿ ಕೂತು ಯಾರಿಗೂ ನೋಯದಂತೆ ಮಾತಾಡುವ ಹಿರಿಯನ ಕೈ.

ದೊರೆ ಗದ್ಗದಿತನಾದ. "ಊರಿಗೆಲ್ಲ ಕಲೆ ಹತ್ತಿದರೂ ನಿಮಗೆ ಹತ್ತಲಿಲ್ಲ. ನಿಮ್ಮಂಥವರು ಒಬ್ಬರಿದ್ದರೆ ಸಾಲದು, ಸ್ವಾಮಿ. ನಮ್ಮ ಹುಡುಗರನ್ನೆಲ್ಲ ನಿಮ್ಮಂತೆಯೇ ಮಾಡಿಕೊಡಿ." ನೇಣಿಗೇರಿದವರ ತಮ್ಮಂದಿರನ್ನೇ ಮೊದಲು ಕಳಿಸಬೇಕೆಂದು ಅಪ್ಪಣೆಯಾಯಿತು.

ಸುದ್ದಿ ತಿಳಿದ ಸಂಕವ್ವ ಹಂಡೆ ಬಿಟ್ಟು ಓಡಿಬಂದಳು. "ಹುಡುಗರಿಗೆ ಕೊಳ್ಳಿ ಇಡೂದು ಕಲಿಸಿದಾವ ಅವನೇ ರೀ. ಬಣ್ಣ ನಿಲ್ಲದಾವನೇ ಅವ."

"ಹಾಗಿದ್ದರೆ ಅಂದೇ ಯಾಕೆ ಹೇಳಲಿಲ್ಲ?" ಎಂದ ದೊರೆ. ಮಗ ಸತ್ತ ಸಂಕಟಕ್ಕೆ ಒಳ್ಳೆಯವರ ಮೇಲೆ ಗೂಬೆ ಕೂರಿಸುತ್ತಿದ್ದಾಳೆಂದು ಜನ ಅವಳನ್ನು ಆಚೆಗೆ ಕಳಿಸಿದರು. ಕತೆ ಹೇಳುವ ನನಗೆ ದೊರೆಯ ಮೇಲೆ ಸಿಟ್ಟಿಲ್ಲ; ಅವನಿಗೆ ಕಂಡದ್ದು ಅಷ್ಟೇ. ಆದರೆ ಅವಳು ಮೂರು ದಿನ ಬಾಯಿ ಕಟ್ಟಿಕೊಂಡು ಕೂತದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಹದಿನೈದು ದಿನ ತುಂಬುವ ಮೊದಲೇ ಕಿರಿಮಗ ನಗುತ್ತ ಮನೆಗೆ ಬಂದ. "ಗುರುಗಳು ಭಾಳ ಚಲೋ ಮನಷ್ಯಾ, ಅವ್ವ. ಬೈಯೂದಿಲ್ಲ, ಬಡಿಯೂದಿಲ್ಲ."

"ಏನು ಕಲಿಸಿದ್ರು?"

ಅವನು ಎರಡೂ ಕೈ ಮುಂದೆ ಚಾಚಿದ. ಎಷ್ಟು ಹುಡುಕಿದರೂ ಸಂಕವ್ವನಿಗೆ ಅಲ್ಲಿ ತನ್ನ ನೀಲಿ ಕಾಣಲಿಲ್ಲ.