ಟೆಂಪೋ ಹಾಡಿನ ದಿಲ್ಶಾದ

ಸವಣೂರಿನ ದಿಲ್ಶಾದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೇ ಒಂದು ಹಾಡಿನಿಂದ ಹೆಸರಾದವಳು. ‘ನಿಲ್ಲಸಪಾ ಟೆಂಪೋ’ ಎಂಬ ಆ ಹಾಡು ೧೯೯೨ರಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಗಾಡಿ ಹತ್ತಿದರೂ ಕಿವಿಗೆ ಬೀಳುತ್ತಿತ್ತು. ಮದುವೆ ಬ್ಯಾಂಡಿನವರೂ ಅದನ್ನೇ ಊದುತ್ತಿದ್ದರು. ಆದರೆ ಕ್ಯಾಸೆಟ್ಟಿನ ಮೇಲೆ ಕಂಪನಿಯವರು ಬೇರೆ ಯಾರದೋ ಫೋಟೋ ಹಾಕಿದ್ದರಿಂದ ಜನಕ್ಕೆ ಅವಳ ದನಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ಒಮ್ಮೆ ಟೆಂಪೋದಲ್ಲಿ ಶಿಗ್ಗಾಂವಿಗೆ ಹೋಗುವಾಗ ಅದೇ ಹಾಡು ಹಾಕಿದ್ದರು; ಪಕ್ಕದಲ್ಲಿ ಕೂತ ಹೆಂಗಸು, “ಈಕಿ ದನಿ ಕೇಳವಾ, ಎಷ್ಟ್ ಚಂದ ಐತಿ” ಎಂದು ಅವಳಿಗೇ ಹೇಳಿದ್ದಳು. ದಿಲ್ಶಾದ ನಾಚಿ ಕಿಟಕಿಯತ್ತ ಮುಖ ತಿರುಗಿಸಿದ್ದಳು.

ಆಮೇಲೆ ಮೂರು ವರ್ಷ ಆರ್ಕೆಸ್ಟ್ರಾ. ಅಬಲೂರಿನ ಮೃತ್ಯುಂಜಯ ಕೀಬೋರ್ಡು ನುಡಿಸುತ್ತಿದ್ದ, ಇವಳು ಹಾಡುತ್ತಿದ್ದಳು. ಹೊಲಿಗೆ ಮಷಿನ್ನಿನ ಮುಂದೆ ಕೂತು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ ತನ್ನ ತಾಯಿಯ ಮೇಲೆ ಅವಳೇ ಒಂದು ಹಾಡು ಕಟ್ಟಿದ್ದಳು. ಅದನ್ನು ಶುರುಮಾಡಿದರೆ ಸಾಕು, “ಟೆಂಪೋ! ಟೆಂಪೋ!” ಎಂದು ಜನ ಕೂಗುತ್ತಿದ್ದರು. ಆ ಹಾಡಿದ್ದ ಎರಡನೆಯ ಕ್ಯಾಸೆಟ್ಟು ಅಂಗಡಿಯಲ್ಲೇ ಧೂಳು ತಿಂದಿತು. ಏರು ಶ್ರುತಿಯಲ್ಲಿ ಟೆಂಪೋ ಹಾಡನ್ನೇ ಹಾಡಿ ಹಾಡಿ ಒಂದು ದಿನ ಗಂಟಲು ಕೂತುಬಿಟ್ಟಿತು. ಆರು ತಿಂಗಳ ನಂತರ ವಾಪಸು ಬಂದ ದನಿ ಒರಟಾಗಿತ್ತು. ದಿಲ್ಶಾದ ಹೊಲಿಗೆಗೆ ಕೂತಳು. ಮದುವೆಯಾಯಿತು, ಮಕ್ಕಳು ದೊಡ್ಡವರಾದರು. ಒಲೆಯ ಮುಂದೆ ಕೂಡ ಅವಳು ಗುನುಗಿದ್ದನ್ನು ಯಾರೂ ಕೇಳಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಹಿರೇಕೆರೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ಭಾಗ್ಯಶ್ರೀ ಮನೆಯಲ್ಲೇ ಇದ್ದ ಅವಳ ಹೊಲಿಗೆ ಅಂಗಡಿ ಹುಡುಕಿಕೊಂಡು ಬಂದಳು. ಜೊತೆಗೆ ತಲೆ ಪೂರ್ತಿ ಬೆಳ್ಳಗಾದ ಮೃತ್ಯುಂಜಯ.

“ನಮ್ಮ ಕಾಲೇಜಿನ ವರ್ಷದ ಗ್ಯಾದರಿಂಗಿಗೆ ನೀವು ಬಂದು ಆ ಹಾಡು ಹಾಡಬೇಕ್ರಿ ಅಕ್ಕಾರ” ಎಂದಳು ಭಾಗ್ಯಶ್ರೀ. “ನಮ್ಮ ಹುಡಿಗ್ಯಾರು ಅದಕ್ಕ ಈಗ ರೀಲ್ಸ್ ಮಾಡಾಕತ್ತಾರ.”

“ಆ ದನಿ ಸತ್ತು ಮೂವತ್ತು ವರ್ಷ ಆತವಾ. ನಾ ಒಲ್ಲೆ.”

ಮೃತ್ಯುಂಜಯ ಚೀಲದಿಂದ ಕೀಬೋರ್ಡು ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ. “ದಿಲ್ಶಾದ, ಸತ್ತಿಲ್ಲ, ಕೆಳಗ ಇಳದೈತಿ. ಅವಾಗ ನಿನ್ನ ಕಡೆ ಅಷ್ಟು ಏರು ಶ್ರುತಿಯೊಳಗ ಹಾಡಿಸಿದ್ದು ನಮ್ಮ ತಪ್ಪು. ಈಗ ನಾನೂ ಇಳೀತೇನಿ, ನೋಡೂಣು.”

ಅವನು ಕೀಬೋರ್ಡಿನಲ್ಲಿ ಮೊದಲಿಗಿಂತ ನಾಲ್ಕು ಕೀ ಕೆಳಗಿನ ಶ್ರುತಿ ಹಿಡಿದ. ದಿಲ್ಶಾದ ಬಾಗಿಲ ಕಡೆ ನೋಡಿದಳು, ಎದ್ದು ಬಾಗಿಲು ಮುಂದೆ ಮಾಡಿ ಬಂದು, ಒಂದು ಸಾಲು ಹಾಡಿದಳು. ದನಿ ಒಡೆಯಲಿಲ್ಲ. ಅವಳಿಗೇ ನಂಬಿಕೆಯಾಗದೆ ಮತ್ತೊಮ್ಮೆ ಹಾಡಿದಳು. ಒಳಗಿನಿಂದ ಗಂಡ ಹಸನಸಾಬ ಚಹಾದ ಲೋಟ ಹಿಡಿದು ಬಂದವನು ಅಲ್ಲೇ ನಿಂತುಬಿಟ್ಟ.

ಗ್ಯಾದರಿಂಗಿನ ದಿನ ಟೆಂಪೋ ಹಾಡಿಗೆ ಹುಡುಗಿಯರೆಲ್ಲ ಎದ್ದು ಕುಣಿದರು. ಚಪ್ಪಾಳೆ ನಿಂತ ಮೇಲೆ ದಿಲ್ಶಾದ ಮೈಕಿನಲ್ಲಿ, “ಇನ್ನೊಂದು ಐತಿ. ಇದನ್ನ ಪೂರಾ ಕೇಳ್ರಿ, ಆಮ್ಯಾಲೆ ಬೇಕಾದ್ರ ಕೂಗ್ರಿ” ಎಂದಳು. ತಾಯಿಯ ಹಾಡು ಆ ತಗ್ಗಿದ, ಒರಟು ದನಿಯಲ್ಲಿ ಹಿಂದೆಂದಿಗಿಂತ ಚೆನ್ನಾಗಿ ಕೂತಿತು. ಯಾರೂ ಕೂಗಲಿಲ್ಲ.

ಇಳಿದು ಬಂದಾಗ ನೇತ್ರಾ ಎಂಬ ವಿದ್ಯಾರ್ಥಿನಿ ಫೋನು ಹಿಡಿದು ಎದುರು ನಿಂತಳು. “ಈ ಹಾಡು ಎಲ್ಲೂ ಸಿಗವಲ್ದ್ರಿ. ನನಗ ಕಲೀಬೇಕಾಗೇತಿ.”

“ಸವಣೂರಿಗೆ ಬರ್ತಿ ಏನು? ಐತವಾರ ನಾನು ಅಂಗಡಿ ತೆಗೆಯಂಗಿಲ್ಲ.”

ನೇತ್ರಾ ಬಂದಳು, ಗೆಳತಿಯರಿಬ್ಬರನ್ನು ಕರೆತಂದಳು. ಈಗ ಪ್ರತಿ ಭಾನುವಾರ ಮುಂಜಾನೆ ಹತ್ತಕ್ಕೆ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಬದಿಗೆ ಸರಿಸಿ ಇಡುವುದು ಹಸನಸಾಬನ ಕೆಲಸ. ಹುಡುಗಿಯರು ಚಾಪೆಯ ಮೇಲೆ ಕೂರುತ್ತಾರೆ. ಯಾರ ದನಿ ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆಯೋ ಅಲ್ಲಿಂದಲೇ ದಿಲ್ಶಾದ ಶುರುಮಾಡಿಸುತ್ತಾಳೆ.